ವಿಶ್ವಸಂಸ್ಥೆಯ ನೀಲಿ ಪುಸ್ತಕ: ಪಡೆಯುವುದು, ಬಳಸುವುದು, ಮರಳಿಸುವುದು ಹೇಗೆ?

ಶಿರಾದ ವೈದ್ಯೆಯೊಬ್ಬರಿಗೆ ವಿಶ್ವ ಆರೋಗ್ಯ ಸಂಸ್ಥೆಯ ದೆಹಲಿ ಪ್ರಾದೇಶಿಕ ಕಚೇರಿಯಲ್ಲಿ ಹುದ್ದೆ ಸಿಕ್ಕಿದೆ ಎಂದುಕೊಳ್ಳಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡುತ್ತ ಬೆಳೆದು ರೇಷ್ಮೆ ಕೃಷಿ ಓದಿದ ಹುಡುಗನನ್ನು ರೋಮ್‌ನ ಆಹಾರ ಮತ್ತು ಕೃಷಿ ಸಂಸ್ಥೆ ನೇಮಿಸಿಕೊಂಡಿದೆ. ಪಾವಗಡದ ಸೌರ ಪಾರ್ಕಿನಲ್ಲಿ ಪಳಗಿದ ಎಂಜಿನಿಯರ್ ಒಬ್ಬರು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಸಲಹೆಗಾರರಾಗಿ ಕೆಲವು ತಿಂಗಳು ಆಫ್ರಿಕಕ್ಕೆ ಹೊರಟಿದ್ದಾರೆ. ಸುದ್ದಿ ಊರು ಮುಟ್ಟಿದ ಸಂಜೆಯೇ ನೆಂಟರ ಬಾಯಲ್ಲಿ ಒಂದೇ ಮಾತು: ‘ಇನ್ನು ಅವರಿಗೆ ವೀಸಾ ಬೇಡವಂತೆ, ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯುವ ಹಾಗಿಲ್ಲವಂತೆ.’

ಈ ಮೂವರಿಗೂ ಒಂದೇ ಕಾಗದ ಸಿಗುವುದಿಲ್ಲ. ಸಿಕ್ಕಿದ ಕಾಗದವೂ ನೆಂಟರು ಹೇಳಿದಷ್ಟು ಬಲಶಾಲಿಯಲ್ಲ. ಹಾಗೆಂದು ಅದು ಬರೀ ಗುರುತಿನ ಚೀಟಿಯೂ ಅಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಿಂದ ಇಂಥ ಕೆಲಸಕ್ಕೆ ಹೊರಟವರು ಯಾವ ಹಂತದಲ್ಲಿ ಏನು ಮಾಡಬೇಕು ಎಂಬುದನ್ನು ಮುಂದೆ ಬರೆದಿದ್ದೇನೆ.

ಯಾವ ಕಾಗದ ಯಾರಿಗೆ?

ವಿಶ್ವಸಂಸ್ಥೆ ತನ್ನ ಅಧಿಕಾರಿಗಳಿಗೆ ಕೊಡುವ ಪ್ರಯಾಣ ದಾಖಲೆಯ ಹೆಸರು ಲೆಸೆ-ಪಾಸೆ. ಇದರ ಬೇರು 1946ರ ಫೆಬ್ರವರಿ 13ರಂದು ಸಾಮಾನ್ಯ ಸಭೆ ಅಂಗೀಕರಿಸಿದ ವಿಶೇಷ ಹಕ್ಕು ಮತ್ತು ವಿನಾಯಿತಿಗಳ ಒಪ್ಪಂದದಲ್ಲಿದೆ. ಅದರ ಏಳನೆಯ ವಿಧಿಯ 24ನೇ ಪರಿಚ್ಛೇದವು ವಿಶ್ವಸಂಸ್ಥೆ ಇಂಥ ದಾಖಲೆ ನೀಡಬಹುದು, ಸದಸ್ಯ ರಾಷ್ಟ್ರಗಳು ಅದನ್ನು ಸಿಂಧು ಪ್ರಯಾಣ ದಾಖಲೆಯೆಂದು ಒಪ್ಪಬೇಕು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಆಹಾರ ಮತ್ತು ಕೃಷಿ ಸಂಸ್ಥೆಯಂಥ ವಿಶೇಷ ಸಂಸ್ಥೆಗಳಿಗೆ 1947ರ ನವೆಂಬರಿನಲ್ಲಿ ಪ್ರತ್ಯೇಕ ಒಪ್ಪಂದವಾಯಿತು. ಆ ಸಂಸ್ಥೆಗಳ ಅಧಿಕಾರಿಗಳೂ ಇದೇ ಪುಸ್ತಕ ಬಳಸುತ್ತಾರೆ. ವಿಶ್ವ ಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯವರ ಕೈಯಲ್ಲಿ ಕಾಣುವುದೂ ಇದನ್ನೇ. ಭಾರತ 1947ರಲ್ಲೇ ವಿಶ್ವಸಂಸ್ಥೆಯ ವಿಶೇಷ ಹಕ್ಕು ಮತ್ತು ವಿನಾಯಿತಿಗಳ ಕಾಯ್ದೆ ಮಾಡಿಕೊಂಡಿತು.

ಪುಸ್ತಕಕ್ಕೆ ಎರಡು ಬಣ್ಣ. ಬಹುಪಾಲು ಸಿಬ್ಬಂದಿಗೆ ತಿಳಿನೀಲಿ. ಡಿ-2 ದರ್ಜೆ ಮತ್ತು ಅದಕ್ಕೂ ಮೇಲಿನ ನಿರ್ದೇಶಕರು, ಸಹಾಯಕ ಮಹಾಕಾರ್ಯದರ್ಶಿಗಳು ಮುಂತಾದವರಿಗೆ ಕೆಂಪು. ಕೆಂಪು ಪುಸ್ತಕದವರು ಸಂಸ್ಥೆಯ ಕೆಲಸದ ಮೇಲೆ ಹೋಗುವಾಗ ರಾಯಭಾರಿಗಳಿಗೆ ಸಿಗುವಂಥ ಸೌಲಭ್ಯ ಪಡೆಯುತ್ತಾರೆ ಎಂದು 27ನೇ ಪರಿಚ್ಛೇದ ಹೇಳುತ್ತದೆ. ಭಾರತ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಕೊಡುವ ಕಡುಗೆಂಪು ಪಾಸ್‌ಪೋರ್ಟ್, ಸರ್ಕಾರಿ ಕೆಲಸದ ಮೇಲೆ ಹೋಗುವ ನೌಕರರಿಗೆ ಕೊಡುವ ಬಿಳಿ ಪಾಸ್‌ಪೋರ್ಟ್ ಇವಕ್ಕೂ ವಿಶ್ವಸಂಸ್ಥೆಯ ಪುಸ್ತಕಕ್ಕೂ ಸಂಬಂಧವಿಲ್ಲ. ಶಿರಾದ ವೈದ್ಯೆಯ ಕೈಯಲ್ಲಿ ಇರಬೇಕಾದದ್ದು ನಮ್ಮ ನಿಮ್ಮಲ್ಲಿರುವ ಸಾಮಾನ್ಯ ನೀಲಿ ಪಾಸ್‌ಪೋರ್ಟ್ ಮತ್ತು ಅದರ ಜೊತೆಗೆ ತಿಳಿನೀಲಿ ಲೆಸೆ-ಪಾಸೆ.

ಪಾವಗಡದ ಎಂಜಿನಿಯರ್ ಸಿಬ್ಬಂದಿಯಲ್ಲ, ಒಪ್ಪಂದದ ಮೇಲೆ ಹೋಗುವ ಸಲಹೆಗಾರ. ಅವರಿಗೆ ಪುಸ್ತಕ ಸಿಗುವುದಿಲ್ಲ, ವಿಶ್ವಸಂಸ್ಥೆಯ ಪ್ರಮಾಣಪತ್ರ ಸಿಗುತ್ತದೆ. ಇವರು ಸಂಸ್ಥೆಯ ಕೆಲಸದ ಮೇಲೆ ಹೋಗುತ್ತಿದ್ದಾರೆ, ದಯವಿಟ್ಟು ಸಹಕರಿಸಿ ಎನ್ನುವ ಪತ್ರ ಅದು. 26ನೇ ಪರಿಚ್ಛೇದ ಇಂಥವರಿಗೂ ವೀಸಾ ವಿಷಯದಲ್ಲಿ ಅದೇ ಬಗೆಯ ಅನುಕೂಲ ಕೊಡಿ ಎನ್ನುತ್ತದೆ. ಆದರೆ ಪ್ರಮಾಣಪತ್ರ ಪ್ರಯಾಣ ದಾಖಲೆಯಲ್ಲ, ಭಾರತದ ಪಾಸ್‌ಪೋರ್ಟಿನ ಜೊತೆ ತೋರಿಸಿದಾಗ ಮಾತ್ರ ಅದಕ್ಕೆ ಬೆಲೆ. ರೋಮ್‌ಗೆ ಹೊರಟ ಹುಡುಗನ ಹೆಂಡತಿ ಮಕ್ಕಳಿಗೂ ಪುಸ್ತಕವಿಲ್ಲ. ಅವರು ಸಂಸ್ಥೆಯ ಖರ್ಚಿನಲ್ಲಿ ಅಧಿಕೃತವಾಗಿ ಪ್ರಯಾಣ ಮಾಡುವಾಗ ಕುಟುಂಬ ಪ್ರಮಾಣಪತ್ರ ಎಂಬ ಬೇರೆ ಕಾಗದವಿದೆ.

ಶಾಂತಿಪಾಲನಾ ಪಡೆಗೆ ಹೋಗುವ ಸೈನಿಕರ ಲೆಕ್ಕವೇ ಬೇರೆ. ತುಕಡಿಯೊಂದಿಗೆ ಹೋಗುವವರು ತಮ್ಮ ಗುರುತಿನ ಚೀಟಿ ಮತ್ತು ಸಾಮೂಹಿಕ ಪ್ರಯಾಣ ಆದೇಶದ ಮೇಲೆ ಗಡಿ ದಾಟುವ ವ್ಯವಸ್ಥೆ ಇರುತ್ತದೆ. ಅದನ್ನು ಸೇನೆಯೇ ನೋಡಿಕೊಳ್ಳುತ್ತದೆ, ಮನೆಯವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಆದ್ದರಿಂದ ಮೊದಲ ಹೆಜ್ಜೆಯಾಗಿ ನೇಮಕಾತಿ ಪತ್ರ ತೆಗೆದು ನೀವು ಸಿಬ್ಬಂದಿಯೋ, ಸಲಹೆಗಾರರೋ, ಸ್ವಯಂಸೇವಕರೋ ಎಂದು ನೋಡಿಕೊಳ್ಳಿ. ಪತ್ರದಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಸಾಲಿನ ಮೇಲ್ ಹಾಕಿ: ‘ನನಗೆ ಲೆಸೆ-ಪಾಸೆ ಅನ್ವಯಿಸುತ್ತದೆಯೇ ಅಥವಾ ಪ್ರಮಾಣಪತ್ರವೇ?’ ಇದನ್ನು ಕೇಳದೆ ಟಿಕೆಟ್ ವಿಷಯಕ್ಕೆ ಹೋಗಬೇಡಿ.

ಮೊದಲು ಭಾರತದ ಪಾಸ್‌ಪೋರ್ಟ್, ಅದರಲ್ಲೂ ಹೆಸರು

ಲೆಸೆ-ಪಾಸೆಗೆ ಆಧಾರ ನಿಮ್ಮ ದೇಶದ ಪಾಸ್‌ಪೋರ್ಟ್. ಅದರಲ್ಲಿ ಹೆಸರು ಹೇಗಿದೆಯೋ ಇದರಲ್ಲೂ ಹಾಗೆಯೇ ಬರಬೇಕು. ನಮ್ಮ ಕಡೆಯವರಿಗೆ ಕಷ್ಟ ಶುರುವಾಗುವುದು ಇಲ್ಲಿ. ನಮಗೆ ಮನೆತನದ ಹೆಸರು ಬಳಸುವ ರೂಢಿ ಕಡಿಮೆ. ಊರಿನ ಹೆಸರಿನದೊಂದು, ತಂದೆಯ ಹೆಸರಿನದೊಂದು ಇನಿಷಿಯಲ್, ಆಮೇಲೆ ಸ್ವಂತ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ.ವಿ. ಲಕ್ಷ್ಮೀನಾರಾಯಣ’, ಆಧಾರ್‌ನಲ್ಲಿ ‘ಲಕ್ಷ್ಮೀನಾರಾಯಣ ಎಂ ವಿ’, ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಪಾಸ್‌ಪೋರ್ಟ್ ಅರ್ಜಿ ಮಾತ್ರ ಹೆಸರು ಬೇರೆ, ಉಪನಾಮ ಬೇರೆ ಎಂದು ಎರಡು ಕೋಣೆ ತೆರೆದು ಕುಳಿತಿರುತ್ತದೆ.

ಕೆಲವರು ಉಪನಾಮದ ಜಾಗ ಖಾಲಿ ಬಿಟ್ಟು ಇಡೀ ಹೆಸರನ್ನು ಒಂದೇ ಕಡೆ ತುಂಬುತ್ತಾರೆ. ಭಾರತದಲ್ಲಿ ಅದು ನಡೆಯುತ್ತದೆ. ಹೊರಗೆ ಹೋದಾಗ ಎಡವುತ್ತದೆ. ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಸಂದರ್ಶಕರ ವೀಸಾ ಮೇಲೆ ಪ್ರವೇಶವಿಲ್ಲ ಎಂದು ಯುನೈಟೆಡ್ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ ಹೇಳಿತು. ಅಮೆರಿಕದ ವೀಸಾದಲ್ಲಿ ಇಂಥವರ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂಬ ಸಂಕ್ಷೇಪ ಬಂದು ಕೂರುತ್ತದೆ. ಬ್ಯಾಂಕ್ ಖಾತೆಯಿಂದ ವಿಮೆಯವರೆಗೆ ಅದು ಬೆನ್ನು ಬಿಡುವುದಿಲ್ಲ.

ಹಾಗೆಂದು ಇನಿಷಿಯಲ್ಲನ್ನೆಲ್ಲ ಪೂರ್ತಿ ಬಿಡಿಸಿ ಬರೆದರೂ ಒಂದು ತೊಡಕಿದೆ. ಪಾಸ್‌ಪೋರ್ಟಿನ ಮಾಹಿತಿ ಪುಟದ ತಳದಲ್ಲಿ ಯಂತ್ರ ಓದುವ ಎರಡು ಸಾಲುಗಳಿರುತ್ತವೆ, ಒಂದೊಂದರಲ್ಲಿ 44 ಅಕ್ಷರ. ಹೆಸರಿಗೆ ಮೀಸಲು ಮೊದಲ ಸಾಲಿನ 39 ಸ್ಥಾನ ಮಾತ್ರ. ನಮ್ಮ ಲಕ್ಷ್ಮೀನಾರಾಯಣರು ತಂದೆ ವೆಂಕಟರಾಮಪ್ಪನವರ ಹೆಸರನ್ನು ಉಪನಾಮವಾಗಿ, ಊರಾದ ಮುಳಬಾಗಿಲನ್ನು ಕೊನೆಗೆ ಇಟ್ಟರೆ ಇಂಗ್ಲಿಷ್ ಅಕ್ಷರ ಮತ್ತು ನಡುವಿನ ಗುರುತು ಸೇರಿ 42 ಆಗುತ್ತದೆ. ಯಂತ್ರ ‘ಮುಳಬಾಗ್’ ಎನ್ನುವಲ್ಲಿಗೆ ಕತ್ತರಿಸುತ್ತದೆ. ಮೇಲೆ ಮುದ್ರಿಸಿದ ಹೆಸರು ಒಂದು, ಯಂತ್ರ ಓದಿದ ಹೆಸರು ಇನ್ನೊಂದು. ವಿಮಾನ ಟಿಕೆಟಿನಲ್ಲಿ ಯಾವುದನ್ನು ಬರೆಯಬೇಕು ಎಂದು ಆಮೇಲೆ ಒದ್ದಾಡುವ ಬದಲು ಊರಿನ ಹೆಸರನ್ನು ಕೈಬಿಡುವುದು ಮೇಲು. ಸ್ವಂತ ಹೆಸರು ಒಂದು ಕಡೆ, ತಂದೆಯ ಹೆಸರೋ ಮನೆತನದ ಹೆಸರೋ ಉಪನಾಮದ ಕಡೆ, ಇಷ್ಟು ಸಾಕು. ಊರಿನ ಮೇಲಿನ ಅಭಿಮಾನಕ್ಕೆ ಬೇರೆ ಜಾಗಗಳಿವೆ.

ಸಂಸ್ಥೆಗೆ ಅರ್ಜಿ ಹಾಕುವಾಗಲೇ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಬರೆಯಿರಿ. ನೇಮಕಾತಿ ಪತ್ರ ಅದೇ ಹೆಸರಿನಲ್ಲಿ ಬಂದರೆ ಮುಂದಿನ ಅರ್ಧ ತಲೆನೋವು ಕಳೆಯಿತು. ಪಾಸ್‌ಪೋರ್ಟ್ ತಿದ್ದಿಸಬೇಕಿದ್ದರೆ ಕೆಲಸಕ್ಕೆ ಸೇರುವ ಮೊದಲೇ ತಿದ್ದಿಸಿ.

ನಮ್ಮ ಮೂರೂ ಜಿಲ್ಲೆಗಳು ಕೋರಮಂಗಲದಲ್ಲಿರುವ ಬೆಂಗಳೂರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ನಡೆಸುವ ಪದ್ಧತಿ 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಮೊದಲು ಶುರುವಾಯಿತು. ಸಮಯ ಕಾಯ್ದಿರಿಸುವಾಗ ಹತ್ತಿರದ ಕೇಂದ್ರ ಯಾವುದು ಎಂದು ಪಟ್ಟಿಯಲ್ಲಿ ನೋಡಿಕೊಳ್ಳಿ, ಬೆಂಗಳೂರಿಗೇ ಹೋಗಬೇಕೆಂದೇನೂ ಇಲ್ಲ. ವಯಸ್ಕರಿಗೆ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000, ತತ್ಕಾಲ್ ಆದರೆ ಅದರ ಮೇಲೆ ಇನ್ನೂ 2,000. ಮೇಲಿಂದ ಮೇಲೆ ಪ್ರಯಾಣ ಮಾಡುವ ಕೆಲಸವಿದ್ದರೆ ಯೋಚಿಸದೆ 60 ಪುಟದ್ದನ್ನೇ ತೆಗೆದುಕೊಳ್ಳಿ. ಪೊಲೀಸ್ ಪರಿಶೀಲನೆಯ ವಿಳಾಸ ಬರೆಯುವಾಗ ಕೋಲಾರ ಜಿಲ್ಲೆಯವರು ಒಂದು ವಿಷಯ ಗಮನಿಸಬೇಕು: ಕೆಜಿಎಫ್ ಪ್ರತ್ಯೇಕ ಪೊಲೀಸ್ ಜಿಲ್ಲೆ, ಅದಕ್ಕೆ ಬೇರೆಯೇ ಎಸ್‌ಪಿ ಇದ್ದಾರೆ. ವಾಸ ಒಂದು ಕಡೆ, ಆಧಾರ್ ವಿಳಾಸ ಇನ್ನೊಂದು ಕಡೆ ಇದ್ದರೆ ಕಡತ ಅಲೆದಾಡುತ್ತದೆ.

ಅರ್ಜಿ

ಈ ಹಂತ ಹೆದರಿಸುವಷ್ಟು ದೊಡ್ಡದಲ್ಲ. ಲೆಸೆ-ಪಾಸೆಗೆ ನೀವು ನೇರವಾಗಿ ಯಾವ ಕಚೇರಿಯ ಮುಂದೆಯೂ ಸರದಿಯಲ್ಲಿ ನಿಲ್ಲುವುದಿಲ್ಲ. ನಿಮ್ಮ ಸಂಸ್ಥೆಯ ಪ್ರಯಾಣ ವಿಭಾಗ ಅರ್ಜಿ ಸಿದ್ಧಪಡಿಸಿ ಕಳಿಸುತ್ತದೆ. ಪುಸ್ತಕ ತಯಾರಾಗುವುದು ನ್ಯೂಯಾರ್ಕಿನ ಕೇಂದ್ರ ಕಚೇರಿಯಲ್ಲಿ ಅಥವಾ ಜಿನೀವಾ ಕಚೇರಿಯಲ್ಲಿ. ನೀವು ಒದಗಿಸಬೇಕಾದದ್ದು ಪಾಸ್‌ಪೋರ್ಟಿನ ಮಾಹಿತಿ ಪುಟದ ಪ್ರತಿ, ನೇಮಕಾತಿ ಪತ್ರ, ಫೋಟೋ ಮತ್ತು ಸಹಿ. 2012ರಿಂದ ಇದು ಚಿಪ್ ಇರುವ ಇ-ಪಾಸ್‌ಪೋರ್ಟ್ ಮಾದರಿಯದಾದ್ದರಿಂದ ಫೋಟೋ ವಿಷಯದಲ್ಲಿ ರಿಯಾಯಿತಿ ಇಲ್ಲ. ಬಿಳಿ ಹಿನ್ನೆಲೆ, ನೇರ ಮುಖ, ಕನ್ನಡಕದ ಮೇಲೆ ಬೆಳಕಿನ ಹೊಳಪು ಬೀಳಬಾರದು. ನಮ್ಮೂರ ಸ್ಟುಡಿಯೋದವರು ಪ್ರೀತಿಯಿಂದ ಮುಖ ಬೆಳ್ಳಗೆ ಮಾಡಿಕೊಡುತ್ತಾರೆ. ಅದನ್ನು ಮಾಡಬೇಡಿ ಎಂದು ಮೊದಲೇ ಹೇಳಿ.

ಪುಸ್ತಕದ ಅವಧಿ ನಿಮ್ಮ ನೌಕರಿಯ ಒಪ್ಪಂದದ ಅವಧಿಯನ್ನು ಅನುಸರಿಸುತ್ತದೆ. ಒಪ್ಪಂದ ಮುಂದುವರಿದರೆ ನವೀಕರಣದ ಅರ್ಜಿಯನ್ನೂ ಜೊತೆಗೇ ನೆನಪಿಸಿ.

ವೀಸಾ ಬೇಕೇ?

ಬಹಳ ಕಡೆ ಬೇಕು. 25ನೇ ಪರಿಚ್ಛೇದವೇ ‘ವೀಸಾ ಅಗತ್ಯವಿರುವಲ್ಲಿ’ ಎಂದು ಒಪ್ಪಿಕೊಂಡು, ಅಧಿಕೃತ ಕೆಲಸದ ಮೇಲೆ ಹೋಗುತ್ತಿದ್ದಾರೆ ಎಂಬ ಪ್ರಮಾಣಪತ್ರ ಜೊತೆಗಿದ್ದರೆ ಅರ್ಜಿಯನ್ನು ಆದಷ್ಟು ಬೇಗ ವಿಲೇವಾರಿ ಮಾಡಿ ಎಂದಷ್ಟೇ ಕೇಳುತ್ತದೆ. ಬೇಗ ಎಂಬುದು ಬೇಡ ಎಂದಾಗುವುದಿಲ್ಲ. ಕೆಲವು ದೇಶಗಳು ಈ ಪುಸ್ತಕ ಇದ್ದವರಿಗೆ ವೀಸಾ ಕೇಳುವುದಿಲ್ಲ. ಕೆಲವು ಕೇಳುತ್ತವೆ, ಆದರೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಇನ್ನು ಕೆಲವು ನೀವು ಯಾವ ದೇಶದ ಪ್ರಜೆ ಎಂದು ನೋಡಿಯೇ ತೀರ್ಮಾನಿಸುತ್ತವೆ. ಕೊನೆಯದಕ್ಕೆ ಕಾರಣವಿದೆ: ಯಂತ್ರ ಓದುವ ಸಾಲಿನಲ್ಲಿ ಭಾರತದ ಬದಲು ‘ಯುಎನ್‌ಒ’ ಅಥವಾ, ವಿಶೇಷ ಸಂಸ್ಥೆಯವರಾದರೆ, ‘ಯುಎನ್‌ಎ’ ಎಂಬ ಸಂಕೇತವಿರುತ್ತದೆ. ಆದ್ದರಿಂದ ವೀಸಾ ಅಧಿಕಾರಿ ಭಾರತದ ಪಾಸ್‌ಪೋರ್ಟನ್ನೂ ಕೇಳುತ್ತಾನೆ. ಎರಡನ್ನೂ ಒಟ್ಟಿಗೆ ಕೊಡಿ.

ಕ್ರಮ ಹೀಗಿರಲಿ. ಪ್ರಯಾಣ ನಿಗದಿಯಾದ ದಿನವೇ ಸಂಸ್ಥೆಯ ಪ್ರಯಾಣ ವಿಭಾಗಕ್ಕೆ ದೇಶ, ದಿನಾಂಕ, ನಡುವೆ ವಿಮಾನ ಬದಲಿಸುವ ಊರು ಇಷ್ಟನ್ನೂ ತಿಳಿಸಿ. ವಿಮಾನ ಬದಲಿಸುವ ಊರನ್ನು ಜನ ಮರೆಯುತ್ತಾರೆ, ಅಲ್ಲಿಯೂ ವೀಸಾ ಬೇಕಾಗಬಹುದು. ಸಂಸ್ಥೆಯು ರಾಯಭಾರ ಕಚೇರಿಗೆ ಅಧಿಕೃತ ಕೋರಿಕೆ ಪತ್ರ ಕಳಿಸುತ್ತದೆ. ಭದ್ರತಾ ಅನುಮತಿಗೆ ‘ಟ್ರಿಪ್’ ಎಂಬ ವ್ಯವಸ್ಥೆಯಲ್ಲಿ ನೀವೇ ವಿವರ ತುಂಬಬೇಕು. ‘ಬಿಸೇಫ್’ ಎಂಬ ಆನ್‌ಲೈನ್ ಭದ್ರತಾ ತರಬೇತಿಯನ್ನೂ ಕೆಲಸಕ್ಕೆ ಸೇರಿದ ಕೂಡಲೇ ಮುಗಿಸಿಟ್ಟುಕೊಳ್ಳಿ.

ಬೇರೆ ದೇಶದಲ್ಲಿ ನೆಲೆಸುವವರಿಗೆ ಆತಿಥೇಯ ದೇಶದ ಕಾಗದವೂ ಬೇಕು. ಜಿನೀವಾದಲ್ಲಿ ಕೆಲಸ ಮಾಡುವವರಿಗೆ ಸ್ವಿಸ್ ವಿದೇಶಾಂಗ ಇಲಾಖೆ ಕೊಡುವ ಗುರುತುಪತ್ರವೇ ವಾಸದ ಪರವಾನಗಿ. ಅಮೆರಿಕದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಸಿಬ್ಬಂದಿಗೆಂದೇ ಜಿ-4 ವೀಸಾ ಇದೆ. ಇವು ಸಂಸ್ಥೆಯ ಮೂಲಕವೇ ಬರುತ್ತವೆ. ಊರಿನ ಏಜೆಂಟರಿಗೆ ಇದರಲ್ಲಿ ಕೆಲಸವಿಲ್ಲ.

ದೇವನಹಳ್ಳಿಯಲ್ಲಿ

ಚಿಕ್ಕಬಳ್ಳಾಪುರದವರಿಗೆ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ಹತ್ತಿರವಿದೆ ಎಂದು ತಡವಾಗಿ ಹೊರಡಬೇಡಿ. ಟಿಕೆಟ್ ನೋಡುವ ಕೌಂಟರಿನವರು ಈ ತಿಳಿನೀಲಿ ಪುಸ್ತಕವನ್ನು ದಿನವೂ ನೋಡುವವರಲ್ಲ. ಅವರು ಗಣಕಯಂತ್ರದಲ್ಲಿ ‘ಟಿಮ್ಯಾಟಿಕ್’ ಎಂಬ ನಿಯಮ ಸಂಗ್ರಹ ತೆರೆದು ಹುಡುಕುತ್ತಾರೆ, ಅನುಮಾನ ಬಂದರೆ ಮೇಲಿನವರನ್ನು ಕರೆಯುತ್ತಾರೆ. ಕೋಪಿಸಿಕೊಂಡು ‘ನಾನು ವಿಶ್ವಸಂಸ್ಥೆಯವನು’ ಎಂದರೆ ಕೆಲಸ ಇನ್ನೂ ನಿಧಾನವಾಗುತ್ತದೆ. ಪ್ರಯಾಣ ಅನುಮತಿ ಪತ್ರ, ವೀಸಾ, ಭಾರತದ ಪಾಸ್‌ಪೋರ್ಟ್ ಮೂರನ್ನೂ ಒಂದೇ ಫೈಲಿನಲ್ಲಿಟ್ಟು ಕೊಡಿ.

ವಲಸೆ ವಿಭಾಗದಲ್ಲಿ ಭಾರತೀಯ ಪ್ರಜೆಯಾದ ನೀವು ಭಾರತದ ಪಾಸ್‌ಪೋರ್ಟ್ ತೋರಿಸಿ. ಸಿಂಧು ಪಾಸ್‌ಪೋರ್ಟ್ ಅಥವಾ ಪ್ರಯಾಣ ದಾಖಲೆ ಇಲ್ಲದೆ ಭಾರತದಿಂದ ಹೊರಡುವಂತಿಲ್ಲ ಎಂಬುದು 1967ರ ಪಾಸ್‌ಪೋರ್ಟ್ ಕಾಯ್ದೆಯ 3ನೇ ಕಲಂ. ವಿಶ್ವಸಂಸ್ಥೆಯ ಪುಸ್ತಕವು ಪೌರತ್ವವನ್ನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಹಬ್ಬಕ್ಕೆ ಊರಿಗೆ ಬರುವುದು, ರಜೆಯಲ್ಲಿ ಬಾಲಿಗೆ ಹೋಗುವುದು ಇಂಥವಕ್ಕೆ ಅದನ್ನು ಬಳಸಲೇಬಾರದು. ಅದು ಅಧಿಕೃತ ಕೆಲಸಕ್ಕೆ ಮಾತ್ರ.

ಆಫ್ರಿಕಕ್ಕೆ ಹೊರಟವರು ಮರೆಯಬಾರದ ಇನ್ನೊಂದು ಪುಸ್ತಕವಿದೆ. ಅದು ಹಳದಿ ಬಣ್ಣದ ಲಸಿಕೆ ಪ್ರಮಾಣಪತ್ರ. ಸೊಳ್ಳೆಯಿಂದ ಹರಡುವ ಹಳದಿ ಜ್ವರ ಇರುವ ದೇಶಕ್ಕೆ ಹೋಗುವ ಕನಿಷ್ಠ 10 ದಿನ ಮೊದಲು ಅಧಿಕೃತ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಳ್ಳಬೇಕು. 2016ರ ಜುಲೈನಿಂದ ಒಮ್ಮೆ ಹಾಕಿಸಿದ ಲಸಿಕೆ ಜೀವಮಾನವಿಡೀ ಸಿಂಧು. ಇದು ಇಲ್ಲದೆ ಅಲ್ಲಿಂದ ಹಿಂದಿರುಗಿದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಲೆಸೆ-ಪಾಸೆ ನೀಲಿಯಿರಲಿ, ಕೆಂಪಿರಲಿ, ಸೊಳ್ಳೆಗೂ ಆರೋಗ್ಯ ಅಧಿಕಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ರಕ್ಷಣೆ ಎಷ್ಟು?

ವಿನಾಯಿತಿ ಬರುವುದು ಪುಸ್ತಕದಿಂದಲ್ಲ, ಒಪ್ಪಂದದ 18ನೇ ಪರಿಚ್ಛೇದದಿಂದ. ಅಧಿಕೃತ ಕರ್ತವ್ಯದಲ್ಲಿ ಆಡಿದ ಮಾತು, ಬರೆದ ಬರಹ, ಮಾಡಿದ ಕೆಲಸಕ್ಕೆ ಮಾತ್ರ ಕಾನೂನು ಕ್ರಮದಿಂದ ರಕ್ಷಣೆ. ಸಾಲ ತೀರಿಸದಿದ್ದರೆ, ಕುಡಿದು ಗಾಡಿ ಓಡಿಸಿದರೆ ಅದು ನೆರವಿಗೆ ಬರುವುದಿಲ್ಲ. ಈ ಹಕ್ಕುಗಳು ಸಂಸ್ಥೆಯ ಹಿತಕ್ಕೇ ಹೊರತು ವ್ಯಕ್ತಿಯ ಲಾಭಕ್ಕಲ್ಲ, ನ್ಯಾಯಕ್ಕೆ ಅಡ್ಡಿಯಾದರೆ ತೆರವುಗೊಳಿಸುವುದು ಮಹಾಕಾರ್ಯದರ್ಶಿಯ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು 20ನೇ ಪರಿಚ್ಛೇದ ಹೇಳುತ್ತದೆ.

ಎಂಜಿನಿಯರ್‌ನಂಥ ಪರಿಣತರಿಗೂ ಅವರ ಕೆಲಸದ ಮಟ್ಟಿಗೆ 22ನೇ ಪರಿಚ್ಛೇದದಡಿ ರಕ್ಷಣೆ ಉಂಟು. ರೊಮೇನಿಯಾ ತನ್ನದೇ ಪ್ರಜೆಯಾದ ಡುಮಿಟ್ರು ಮಜಿಲು ಎಂಬ, ವಿಶ್ವಸಂಸ್ಥೆಗೆ ವರದಿ ಸಿದ್ಧಪಡಿಸಬೇಕಿದ್ದ ಪರಿಣತನನ್ನು ದೇಶ ಬಿಡಲು ಬಿಡದಿದ್ದಾಗ, ಸ್ವಂತ ದೇಶದೊಳಗಿದ್ದರೂ ಆ ಪರಿಚ್ಛೇದ ಅನ್ವಯಿಸುತ್ತದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 1989ರ ಡಿಸೆಂಬರಿನಲ್ಲಿ ಅಭಿಪ್ರಾಯ ಕೊಟ್ಟಿತು. ಪುಸ್ತಕ ಕೈಯಲ್ಲಿಲ್ಲದ ಸಲಹೆಗಾರರು ತಾವು ಅನಾಥರು ಎಂದುಕೊಳ್ಳಬೇಕಿಲ್ಲ.

ಮಾರಾಟಕ್ಕಿರುವ ‘ಅಂತರರಾಷ್ಟ್ರೀಯ ಪಾಸ್‌ಪೋರ್ಟ್’ಗಳು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ‘ಅಂತರರಾಷ್ಟ್ರೀಯ’ ಎಂಬ ಪದವಿರುವ ಯಾವುದಾದರೊಂದು ಆಯೋಗದ ಫಲಕ ಹೊತ್ತ ಕಾರು ಕಾಣದೆ ಇರುವುದಿಲ್ಲ. ಅಂಥವರ ಬಳಗದಿಂದಲೇ ‘ವಿಶ್ವಸಂಸ್ಥೆಯ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇವೆ ಅಣ್ಣ, ಸ್ವಲ್ಪ ಖರ್ಚಾಗುತ್ತದೆ’ ಎಂಬ ಮಾತು ಹೊರಡುತ್ತದೆ. ದುಡ್ಡು ಕೊಟ್ಟು ಲೆಸೆ-ಪಾಸೆ ಪಡೆಯುವ ದಾರಿ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ನೌಕರಿ ಇಲ್ಲದವರಿಗೆ ಅದು ಇಲ್ಲ. ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಅಭ್ಯರ್ಥಿಯಿಂದ ಶುಲ್ಕ ಕೇಳುವುದಿಲ್ಲ. ಅರ್ಜಿ ಶುಲ್ಕ, ತರಬೇತಿ ಶುಲ್ಕ, ವೀಸಾ ಠೇವಣಿ ಎಂದು ಯಾರಾದರೂ ಖಾತೆ ಸಂಖ್ಯೆ ಕಳಿಸಿದರೆ ಅಲ್ಲಿಗೇ ನಿಲ್ಲಿಸಿ.

1954ರಲ್ಲಿ ಗ್ಯಾರಿ ಡೇವಿಸ್ ಸ್ಥಾಪಿಸಿದ ವರ್ಲ್ಡ್ ಸರ್ವಿಸ್ ಅಥಾರಿಟಿ ಮಾರುವ ‘ವಿಶ್ವ ಪಾಸ್‌ಪೋರ್ಟ್’ ಕೂಡ ವಿಶ್ವಸಂಸ್ಥೆಯದಲ್ಲ. ನೋಡಲು ಗಂಭೀರವಾಗಿದ್ದರೂ ಅದನ್ನು ನಂಬಿ ವಿಮಾನ ಹತ್ತಬೇಡಿ. ನಿರಾಶ್ರಿತರಿಗೆ 1951ರ ಒಪ್ಪಂದದಡಿ ಸಿಗುವ ಪ್ರಯಾಣ ದಾಖಲೆಯೂ ಬೇರೆ. ಅದನ್ನು ಆಶ್ರಯ ಕೊಟ್ಟ ದೇಶವೇ ನೀಡುತ್ತದೆ.

ಕಳೆದುಹೋದರೆ, ಕೆಲಸ ಬಿಟ್ಟರೆ

ಕಳೆದ ಊರಿನಲ್ಲೇ ಪೊಲೀಸ್ ದೂರು ಕೊಟ್ಟು ಪ್ರತಿ ಪಡೆಯಿರಿ, ಅದೇ ದಿನ ಸಂಸ್ಥೆಗೆ ತಿಳಿಸಿ. ಕಳೆದ ಮತ್ತು ಕಳವಾದ ಪ್ರಯಾಣ ದಾಖಲೆಗಳಿಗೆಂದು ಇಂಟರ್‌ಪೋಲ್ 2002ರಿಂದ ಒಂದು ದತ್ತಾಂಶ ಸಂಗ್ರಹ ನಡೆಸುತ್ತಿದೆ. ಕಳೆದುಹೋಯಿತೆಂದು ವರದಿ ಮಾಡಿದ ದಾಖಲೆ ಆಮೇಲೆ ಸೂಟ್‌ಕೇಸಿನ ತಳದಲ್ಲಿ ಸಿಕ್ಕಿದರೆ ಮತ್ತೆ ಬಳಸಲು ಹೋಗಬೇಡಿ, ಗಡಿಯಲ್ಲಿ ಸಿಕ್ಕಿಬೀಳುತ್ತೀರಿ. ಅದನ್ನು ಸಂಸ್ಥೆಗೆ ಒಪ್ಪಿಸಿ.

ಸರ್ಕಾರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರ ಹೇಗೆ ನಿಗಮದ್ದೋ ಹಾಗೆ ಈ ಪುಸ್ತಕ ವಿಶ್ವಸಂಸ್ಥೆಯ ಸ್ವತ್ತು. ಒಪ್ಪಂದ ಮುಗಿದಾಗ, ರಾಜೀನಾಮೆ ಕೊಟ್ಟಾಗ, ನಿವೃತ್ತಿಯಾದಾಗ ಹಿಂದಿರುಗಿಸಬೇಕು. ನೆನಪಿಗೆಂದು ಮನೆಯ ಷೋಕೇಸಿನಲ್ಲಿ ಇಡುವ ಹಾಗಿಲ್ಲ. ಮರಳಿಸುವ ಮೊದಲು ಎರಡು ಕೆಲಸ ಮಾಡಿ. ಅದರಲ್ಲಿ ಚಾಲ್ತಿಯ ವೀಸಾ ಏನಾದರೂ ಇದೆಯೇ ನೋಡಿ, ಇದ್ದರೆ ಅದು ಇನ್ನು ನಿಮಗೆ ಉಪಯೋಗಕ್ಕೆ ಬರುವುದಿಲ್ಲ ಎಂದುಕೊಂಡು ಸ್ವಂತ ಪಾಸ್‌ಪೋರ್ಟಿಗೆ ಬೇಕಾದ ವೀಸಾಕ್ಕೆ ಬೇರೆ ಅರ್ಜಿ ಹಾಕಿ. ಎರಡನೆಯದಾಗಿ, ಕಚೇರಿಯ ಒಪ್ಪಿಗೆ ಪಡೆದು ವೀಸಾ ಮತ್ತು ಮುದ್ರೆಗಳಿರುವ ಪುಟಗಳ ಪ್ರತಿ ಇಟ್ಟುಕೊಳ್ಳಿ. ಅಮೆರಿಕದ ವೀಸಾ ಅರ್ಜಿ ಹಿಂದಿನ 5 ವರ್ಷಗಳಲ್ಲಿ, ಬ್ರಿಟನ್ನಿನದು ಹಿಂದಿನ 10 ವರ್ಷಗಳಲ್ಲಿ ಹೋದ ದೇಶಗಳ ಪಟ್ಟಿ ಕೇಳುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ ಆ ಮುದ್ರೆಗಳು ಇರುವುದಿಲ್ಲವಾದ್ದರಿಂದ ದಿನಾಂಕಗಳನ್ನು ಆ ಪ್ರತಿಗಳಿಂದಲೇ ತುಂಬಬೇಕಾಗುತ್ತದೆ.